ಮೂಕ ದೃಶ್ಯದ ಶಿಳ್ಳೆ

“ಓಟಿನಲ್ಲಿ ಸೋತವ್ರು ಎಂತಾ ನೋಡ್ಬೇಕು, ವಿನುತಾ? ಮೊದ್ಲು ಅದನ್ನ ಹೇಳು.”

ರೋಹಿತ ಎದ್ದು ನಿಂತೇ ಕೇಳಿದ. ಅಂಕೋಲೆಯ ನಾಟಕ ತಂಡವೊಂದರ ಯಜಮಾನ ಅವನು. ಸಣ್ಣ ಮಾತನ್ನೂ ಕೊನೆಯ ಸಾಲಿಗೆ ಕೇಳುವಂತೆ ಆಡುವುದು ಅವನ ಅಭ್ಯಾಸ. ಮಹಿಳಾ ಮಂಡಲದ ಸಭಾಗೃಹದಲ್ಲಿ ಸೇರಿದ್ದವರೆಲ್ಲ ಒಮ್ಮೆ ಅವನತ್ತ, ಒಮ್ಮೆ ಪರದೆಯ ಪಕ್ಕ ನಿಂತಿದ್ದ ಹುಡುಗಿಯತ್ತ ನೋಡಿದರು.

ಬಾಗಿಲ ಬಳಿ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಪ್ರೇಕ್ಷಾ ಮಾತ್ರ ವಿನುತಾಳನ್ನು ನೋಡಲಿಲ್ಲ. ಅವಳು ನೋಡುವವರನ್ನೇ ನೋಡುತ್ತಿದ್ದಳು.

ಪೊಲೀಸ್ ಕೆಲಸ ಬಿಟ್ಟು ಕಾರವಾರದ ಕಾಜುಬಾಗದಲ್ಲಿ ಸ್ವಂತ ಪತ್ತೇದಾರಿ ಕಚೇರಿ ತೆರೆದವಳು ಪ್ರೇಕ್ಷಾ. ಈ ಭಾನುವಾರದ ಸಭೆ ಅವಳದೇ ಯೋಜನೆ. ಹೊರಗೆ ಕಟ್ಟಿದ್ದ ಬ್ಯಾನರಿನಲ್ಲಿ ‘ಸರದಿಯ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಿ’ ಎಂದಿತ್ತು. ಒಳಗೆ ಕೂತವರಲ್ಲಿ ಒಬ್ಬರು ಆ ದೃಶ್ಯವನ್ನು ಕಳಿಸಿದವರಾಗಿರಬಹುದು ಎಂಬುದು ಅವಳ ಲೆಕ್ಕ.

ಆ ದೃಶ್ಯವೊಂದು ಎರಡು ಊರುಗಳ ನಿದ್ದೆ ಕೆಡಿಸಿತ್ತು.

ಶೆಟಗೇರಿಯ ಹೊನ್ನ ದೇವಿದಾಸ ತಾಂಡೇಲರ ಬೋಟಿನಲ್ಲಿ ಖಲಾಶಿ, ಬಲೆ ಎಳೆಯುವ ಆಳು. ದೊಡ್ಡ ಗಾಳಿ ಬೀಸಿದ ದಿನ ಕೂರ್ಮಗಡ ದ್ವೀಪದ ಆಚೆ ಅವನು ಸಮುದ್ರಕ್ಕೆ ಬಿದ್ದ, ಅದೇ ಗಾಳಿಗೆ ಬೋಟಿನ ದೀಪದ ಕಂಬವೂ ಮುರಿಯಿತು ಎಂದು ದೇವಿದಾಸ ಹೇಳಿದ್ದರು. ಹೆಣ ಸಿಗಲಿಲ್ಲ. ಊರು ನಂಬಿತು. ಅಷ್ಟರಲ್ಲಿ ಒಂದು ಮಧ್ಯಾಹ್ನ, ಮುಂದಿನ ವಿಡಿಯೋವನ್ನು ನೋಡುಗರೇ ಫೋನಿನಲ್ಲಿ ಓಟು ಹಾಕಿ ಆರಿಸುವ ವಿನುತಾಳ ‘ಸರದಿ’ಯ ಬಂದರು ಚಾನೆಲ್‌ನಲ್ಲಿ, ಓಟಿನಲ್ಲಿ ಗೆದ್ದು, ಯಾರು ಕಳಿಸಿದ್ದೆಂದು ತಿಳಿಯದ ಒಂದು ಚಿಕ್ಕ ದೃಶ್ಯ ಪ್ರಸಾರವಾಯಿತು. ಬೈತಖೋಲ ಬಂದರು. ಕಂಬ ಮುರಿದ ಬೋಟು. ಅದರಿಂದ ಬುಟ್ಟಿ ಹೊತ್ತು ಇಳಿಯುತ್ತಿರುವ ಹೊನ್ನ. ಅಂದರೆ ಕಂಬ ಮುರಿದ ಮೇಲೂ ಅವನು ಬದುಕಿದ್ದ.

“ಅದು ಹಳೇ ವಿಡಿಯೋ. ನನ್ನ ಬೋಟಿನ ಕಂಬ ಹೋದ ವರ್ಷನೂ ಮುರಿದಿತ್ತು,” ಎಂದುಬಿಟ್ಟರು ದೇವಿದಾಸ. ವಿನುತಾಳ ಮೇಲೆ ಕೇಸು ಹಾಕುತ್ತೇನೆಂದೂ ಹೇಳಿದರು. ತಾರೀಖು ಇರುವ ಮೂಲ ವಿಡಿಯೋ ಸಿಗದೆ ಇದ್ದರೆ ಸರದಿ ಬಾಗಿಲು ಹಾಕಬೇಕಿತ್ತು. ಹೊನ್ನನ ಹೆಂಡತಿ ಬೀರಿ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ತಿಳಿಯದೆ ಕೂತಿರಬೇಕಿತ್ತು.

“ಹೇಳು ಮತ್ತೆ,” ಎಂದ ರೋಹಿತ. “ನಾಟಕ ನೋಡೂಕೆ ನಾವು ಹತ್ತು ಜನ. ನಗೆ ವಿಡಿಯೋ ನೋಡೂಕೆ ನೂರು ಜನ. ಹಿಂಗೇ ಆದ್ರೆ ನಮ್ಮ ಸರದಿ ಯಾವಾಗ ಬರೂದು? ಹೆಸರು ಮಾತ್ರ ಸರದಿ.”

ಜನ ನಕ್ಕರು. ವಿನುತಾ ನಗಲಿಲ್ಲ, ಮುಖ ಕೆಂಪೂ ಆಗಲಿಲ್ಲ. ಸದಾಶಿವಗಡದ ಮೀನುಗಾರರ ಮನೆಯ ಹುಡುಗಿ. ಎಂಜಿನಿಯರಿಂಗ್ ಮುಗಿಸಿ, ಅದೇ ಊರಿನ ಒಂದು ಅಂಗಡಿಯ ಮಾಳಿಗೆಯಲ್ಲಿ ಈ ಕೆಲಸ ಶುರು ಮಾಡಿದ್ದಳು.

“ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ ರೋಹಿತಣ್ಣ,” ಎಂದಳು. “ನಿಮಗೆ ಎಂತಾ ಅನಿಸ್ತದೆ?”

ರೋಹಿತ ಇದನ್ನು ನಿರೀಕ್ಷಿಸಿರಲಿಲ್ಲ. ಜಗಳಕ್ಕೆ ಸಿದ್ಧನಾಗಿ ಬಂದವನು ಗಡ್ಡ ಕೆರೆದುಕೊಂಡ. “ಸೋತ ಓಟನ್ನ ಎಸೀಬೇಡ. ಮುಂದಿನ ಸಲಕ್ಕೆ ಕೂಡ್ಸು. ಇವತ್ತು ಹತ್ತು, ನಾಳೆ ಹತ್ತು. ಒಂದಿನ ನಾವೂ ಗೆಲ್ತೇವೆ.”

ವಿನುತಾ ತಿರುಗಿ ನೋಡಿದಳು. ಪರದೆಯ ಪಕ್ಕದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದ ಆಶಿಷ ಅವಳ ಪಾಲುದಾರ, ಸರದಿಯ ಪ್ರೋಗ್ರಾಂ ಬರೆದವನು.

“ಆಗ್ತದಾ ಆಶಿಷ?”

“ನಾಳೆ ಆಗ್ತದೆ,” ಎಂದ ಅವನು. ಆಗಲೇ ಅವನ ಬೆರಳು ಓಡುತ್ತಿತ್ತು. ಹೊಸ ಗುಮಟೆ ವಾದ್ಯ ಸಿಕ್ಕ ಹಾಡುಗಾರನ ಹಾಗಿತ್ತು ಮುಖ.

ಪ್ರೇಕ್ಷಾ ಮನಸ್ಸಿನಲ್ಲೇ ತಲೆದೂಗಿದಳು. ಠಾಣೆಯಲ್ಲಿದ್ದಾಗ ತಪ್ಪು ತೋರಿಸಿದರೆ ಮೇಜು ಗುದ್ದುವವರನ್ನು ಅವಳು ಕಂಡಿದ್ದಳು. ಟೀಕೆ ಕೇಳಿ ಕುರ್ಚಿ ಹತ್ತಿರ ಎಳೆದುಕೊಳ್ಳುವವರನ್ನು ಕಂಡದ್ದು ಕಡಿಮೆ.

ಮಧ್ಯದ ಸಾಲಿನಿಂದ ಹೂವಿನಂಗಡಿಯ ಕಾಶಿ ಕೈಯೆತ್ತಿದಳು. “ತಂಗಿ, ಬೇಜಾರ ಮಾಡ್ಕಬೇಡ. ನಂಗೆ ಬೇಕಾದ್ದು ನನ್ನ ಫೋನಿನಲ್ಲೇ ಅದೆ. ಬೇಕಾದಾಗ ಒತ್ತಿ ನೋಡ್ತೆ. ನಿನ್ನ ಚಾನೆಲ್‌ನಲ್ಲಿ ಓಟು ಹಾಕಿ ಕಾಯೂದು ಎಂತಕ್ಕೆ?”

“ನಮ್ಮನೇಲಿ ಐದು ಜನ, ಐದು ಫೋನು ಕಾಶಿಯಕ್ಕ,” ಎಂದಳು ವಿನುತಾ. “ರಾತ್ರಿ ಊಟ ಆದ್ಮೇಲೆ ಒಬ್ಬೊಬ್ರು ಒಂದೊಂದು ಮೂಲೆ. ಒಳಗಿಂದ ಆಯಿ ನಗೂದು ಕೇಳ್ತದೆ. ಎಂತಕ್ಕೆ ನಕ್ಕಳು ಅಂತ ನಮಗೆ ಗೊತ್ತಾಗೂದಿಲ್ಲ. ಸರದಿಯಲ್ಲಿ ಎಲ್ಲರಿಗೂ ಒಂದೇ ವಿಡಿಯೋ, ಒಂದೇ ಹೊತ್ತಿಗೆ. ಅದು ಮುಗಿಯೂದ್ರೊಳಗೆ ಮುಂದಿನ ಮೂರರಲ್ಲಿ ಒಂದನ್ನ ನೀವೇ ಆರಿಸ್ತೀರಿ. ಆಯಿ ನಕ್ಕಾಗ ಮಾಜಾಳಿಯಲ್ಲಿ ಯಾರೋ, ಶೆಟಗೇರಿಯಲ್ಲಿ ಯಾರೋ ಅದಕ್ಕೇ ನಗ್ತಿರ್ತಾರೆ. ನಂಗೆ ಅಷ್ಟು ಸಾಕು.”

“ಹಂಗಾದ್ರೆ ಹೆಸರು ಓದೂಕೆ ಬರದವ್ರಿಗೆ ಚಿತ್ರ ಹಾಕು. ನಮ್ಮತ್ತೆ ಎಲ್ಲಿ ಒತ್ತಬೇಕು ಗೊತ್ತಾಗದೆ ದಿನಾ ಸೋಲ್ತಾಳೆ,” ಎಂದು ಕಾಶಿ ಕೂತಳು.

ಆಗ ಮೊದಲ ಸಾಲಿನ ಬಲತುದಿಯಲ್ಲಿದ್ದ ದೇವಿದಾಸ ತಾಂಡೇಲರು ಎದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಸಿಲಿಗೆ ಕಂದಿದ ಕುತ್ತಿಗೆ. ಅದೇ ಸಾಲಿನ ಎಡತುದಿಯಲ್ಲಿ ಬೀರಿ ಕೂತಿದ್ದಳು. ಅವಳು ತಲೆಯೆತ್ತಲಿಲ್ಲ.

“ಹುಡುಗಿ ಹುಶಾರಿ ಇದ್ದಾಳೆ. ಇಲ್ಲ ಅನ್ನೂದಿಲ್ಲ,” ಎಂದರು ದೇವಿದಾಸ. “ಆದ್ರೆ ಯಾರು ಬೇಕಾದ್ರೂ ಕಳಿಸಬಹುದು, ಯಾರು ಬೇಕಾದ್ರೂ ಓಟು ಹಾಕಬಹುದು ಅಂದ್ರೆ ಹೆಂಗೆ? ಮಧ್ಯಾಹ್ನ ಊರು ಮಲಗಿದಾಗ ನಾಲ್ಕು ಓಟು ಹಾಕ್ಸಿ ಒಬ್ಬನ ಮಾನ ಕಳೀಬಹುದು. ನಂಗೆ ಆಗಿದ್ದು ಅದೇ.”

ಸಭೆ ವಿನುತಾಳತ್ತ ತಿರುಗಿತು.

“ನಿಮ್ಮ ಮಾತು ಸರಿ ಅದೆ, ದೇವಿದಾಸ ಕಾಕಾ,” ಎಂದಳು ವಿನುತಾ.

ಅವರೇ ಒಂದು ಕ್ಷಣ ತಬ್ಬಿಬ್ಬಾದರು.

“ಅದಕ್ಕೇ ನಿನ್ನೆಯಿಂದ ಬದಲು ಮಾಡಿದ್ದೇವೆ. ಓಟು ಹಾಕೂಕೆ ಫೋನ್ ನಂಬರ್ ಕೊಡಬೇಕು, ಆ ಫೋನಿಗೆ ಬಂದ ಓಟಿಪಿ ಹಾಕಬೇಕು. ಒಂದು ನಂಬರಿಗೆ ಒಂದೇ ಓಟು. ಆದ್ರೆ ವಿಡಿಯೋ ಕಳಿಸಿದವ್ರ ಹೆಸರು ನಾವು ಕೇಳೂದಿಲ್ಲ. ಕೇಳಿದ್ರೆ ಹೆದರಿದವ್ರು ಯಾವತ್ತೂ ಕಳಿಸೂದಿಲ್ಲ.”

ತನ್ನನ್ನು ಮುಳುಗಿಸಲು ಬಂದವರ ಬಾಯಿಂದ ಬಂದರೂ ಸರಿಯಾದ ಮಾತನ್ನು ಸರಿ ಎಂದಳು. ಬಿಡಬಾರದ್ದನ್ನು ಬಿಡಲಿಲ್ಲ. ಈ ಹುಡುಗಿಗಾಗಿ ಕೇಸು ಒಪ್ಪಿಕೊಂಡದ್ದು ವ್ಯರ್ಥವಲ್ಲ ಎಂದುಕೊಂಡಳು ಪ್ರೇಕ್ಷಾ.

ದೇವಿದಾಸರ ಹಿಂದಿನ ಕುರ್ಚಿಯಿಂದ ಅವರ ತಂಗಿ ಬೇಬಿ ಎದ್ದಳು. ಬೈತಖೋಲದಲ್ಲಿ ಮೀನು ಹರಾಜು ಹಿಡಿದು ಕಾರವಾರದ ಪೇಟೆಯಲ್ಲಿ ಮಾರುವವಳು. ಸರದಿಯ ಮೊದಲ ದಿನದಿಂದ ಅವಳು ಅದರ ಭಕ್ತೆ. ಬಂದರಿನ ವಿಡಿಯೋಗಳನ್ನು ತೆಗೆದು ಹೆಸರು ಹೇಳಿಯೇ ಕಳಿಸುತ್ತಿದ್ದವರಲ್ಲಿ ಅವಳೂ ಒಬ್ಬಳು ಎಂದು ವಿನುತಾ ಹೇಳಿದ್ದಳು.

“ನಂಗೆ ತಪ್ಪು ಹುಡುಕೂಕೆ ಬರೂದಿಲ್ಲ,” ಎಂದಳು ಬೇಬಿ. “ಚಲೋ ಅನಿಸಿದ್ದು ಹೇಳ್ತೆ. ಹೊನ್ನನ ವಿಡಿಯೋ ಬಂದಾಗ ಪೇಟೇಲಿ ನಾವು ಆರೇಳು ಹೆಂಗಸರು ಒಂದೇ ಫೋನಿಗೆ ತಲೆ ಕೊಟ್ಟಿದ್ವಿ. ಅವ ಬುಟ್ಟಿ ಕೆಳಗಿಟ್ಟ, ಆ ಶಿಳ್ಳೆ ಬಿತ್ತು, ತಿರುಗಿ ನಕ್ಕ. ಒಬ್ರೂ ಉಸಿರಾಡ್ಲಿಲ್ಲ. ಟಿವಿಯಲ್ಲಿ ಸುದ್ದಿ ನೋಡಿದ್ರೆ ಹಿಂಗಾಗೂದಿಲ್ಲ. ಇದು ನಾವೇ ಆರಿಸಿ ನೋಡಿದ್ದು, ಅದಕ್ಕೆ.”

ಜನ ಚಪ್ಪಾಳೆ ತಟ್ಟಿದರು. ದೇವಿದಾಸರು ಪಕ್ಕದವರಿಗೆ ಏನೋ ಹೇಳುತ್ತಿದ್ದರು.

ಪ್ರೇಕ್ಷಾಳ ಕೈ ಮಾತ್ರ ತಟ್ಟಲಿಲ್ಲ. ದೂರದಲ್ಲಿ ಆಶಿಷನ ಬೆರಳು ಕೂಡ ನಿಂತಿತ್ತು. ಅವನು ತಲೆಯೆತ್ತಿ ಪ್ರೇಕ್ಷಾಳನ್ನು ನೋಡಿದ. ಸುಮ್ಮನಿರು ಎಂದು ಅವಳು ಕಣ್ಣಿನಲ್ಲೇ ಹೇಳಿದಳು.

ಬಂದರಿನಲ್ಲಿ ತೆಗೆದ ವಿಡಿಯೋಗಳಲ್ಲಿ ಬೈಗುಳಗಳೇ ಹೆಚ್ಚು. ಮನೆಮಂದಿ ಕೂತು ನೋಡುವ ಚಾನೆಲ್‌ಗೆ ಅದು ಆಗುವುದಿಲ್ಲ. ಅದಕ್ಕೇ ಹೆಸರು ಹೇಳದೆ ಕಳಿಸಿದ ವಿಡಿಯೋ ಬಂದ ಕೂಡಲೇ ಅದರ ದನಿಯನ್ನು ಪ್ರೋಗ್ರಾಂ ಅಳಿಸಿಬಿಡುತ್ತಿತ್ತು.

ಊರು ನೋಡಿದ ಆ ದೃಶ್ಯಕ್ಕೆ ದನಿಯೇ ಇರಲಿಲ್ಲ.

*

ಚಹಾದ ವಿರಾಮದಲ್ಲಿ ಬೇಬಿ ಕೈ ತೊಳೆಯಲು ಸಭಾಗೃಹದ ಹಿಂದಿನ ನಲ್ಲಿಗೆ ಹೋದಳು. ಪ್ರೇಕ್ಷಾ ಹಿಂದೆಯೇ ಹೋಗಿ ನಿಂತಳು.

“ಯಾವ ಶಿಳ್ಳೆ, ಬೇಬಿಯಕ್ಕ?”

ನೀರು ಬೀಳುತ್ತಲೇ ಇತ್ತು. ಬೇಬಿ ತಿರುಗಲಿಲ್ಲ.

“ಎಂತಾ ಶಿಳ್ಳೆ?”

“ಹೊನ್ನ ಬುಟ್ಟಿ ಇಟ್ಟ ಮೇಲೆ ಬಿದ್ದ ಶಿಳ್ಳೆ. ಈಗ ನೀವೇ ಹೇಳಿದ್ರಲ್ಲ.”

“ಅವ ತಿರುಗಿ ನೋಡಿದ್ನಲ್ಲ. ಯಾರೋ ಶಿಳ್ಳೆ ಹಾಕಿರ್ಬೇಕು ಅನ್ಕಂಡೆ.”

“ಹೆಸರು ಹಿಡಿದು ಕರೆದಿರಬಹುದು. ಬೋಟಿನ ಹಾರ್ನ್ ಆಗಿರಬಹುದು. ನಿಮಗೆ ಶಿಳ್ಳೆಯೇ ಯಾಕೆ ಕೇಳಿಸಿತು?”

ಬೇಬಿ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿದಳು, ಮತ್ತೆ ಒರೆಸಿದಳು.

“ನೀವು ಪೊಲೀಸ್ರಾ?”

“ಮೊದಲು ಇದ್ದೆ. ಈಗ ವಿನುತಾ ಕರೆಸಿದ್ದಾಳೆ. ಬೇಬಿಯಕ್ಕ, ಅದು ಹಳೇ ವಿಡಿಯೋ ಅಂತ ನಿಮ್ಮಣ್ಣ ಹೇಳ್ತಿದ್ದಾರೆ. ತೆಗೆದವರ ಫೋನಿನಲ್ಲಿ ಮಾತ್ರ ತಾರೀಖು ಇರ್ತದೆ. ಅದು ಹೊರಗೆ ಬರದಿದ್ದರೆ ಅವರ ಮಾತೇ ನಿಲ್ತದೆ. ಆ ಹುಡುಗಿಯ ಕೆಲಸ ಹೋಗ್ತದೆ.”

“ನನ್ನ ದಾದಾ ಅವ,” ಎಂದಳು ಬೇಬಿ. “ಅಪ್ಪ ಸತ್ತ ಮೇಲೆ ಅವನೇ ನನ್ನ ಸಾಕಿದ್ದು. ನನ್ನ ಮದುವೆ ಮಾಡ್ದವನೂ ಅವನೇ.”

ಪ್ರೇಕ್ಷಾ ಗೋಡೆಗೆ ಒರಗಿ ನಿಂತಳು.

“ಬಂಗಡೆ ಇಳಿಸೂದು ತೆಗೀತಿದ್ದೆ, ಸರದಿಗೆ ಕಳಿಸೂಕೆ ಅಂತ,” ಬೇಬಿ ನಿಧಾನವಾಗಿ ಹೇಳತೊಡಗಿದಳು. “ಅದ್ರಲ್ಲಿ ಹಿಂದೆ ಹೊನ್ನನೂ ಬಂದ. ನಾ ಅವನ್ನ ಗಮನಿಸ್ಲೂ ಇಲ್ಲ. ಮರುದಿನ ದಾದಾ ಅತ್ಕೊಂಡು ಮನೆಗೆ ಬಂದ. ಹೊನ್ನ ಸಮುದ್ರಕ್ಕೆ ಹೋದ ಅಂದ. ಯಾವಾಗ ಅಂದೆ. ನಿನ್ನೆ ಗಾಳಿಯಲ್ಲಿ ಅಂದ. ನಾ ಒಳಗೆ ಹೋಗಿ ಫೋನು ತೆಗೆದು ನೋಡಿದೆ. ಅದ್ರಲ್ಲಿ ಹೊನ್ನ ಬೋಟಿಂದ ಇಳೀತಿದ್ದ.”

“ಪೊಲೀಸರ ಹತ್ತಿರ ಹೋಗಬಹುದಿತ್ತು.”

“ಹೋಗಿದ್ರೆ ಬೇಬಿ ಅಣ್ಣನ್ನ ಹಿಡ್ಕೊಟ್ಳು ಅಂತಿದ್ರು. ದಾದಾ ನನ್ನ ಮುಂದೆ ಬಂದು, ಅಳಿಸು ಅಂದಿದ್ರೆ ನಾ ಅಳಿಸ್ತಿದ್ದೆ. ನನ್ನ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ.” ಬೇಬಿ ಮೊದಲ ಬಾರಿಗೆ ಪ್ರೇಕ್ಷಾಳ ಕಣ್ಣನ್ನು ನೇರವಾಗಿ ನೋಡಿದಳು. “ಒಬ್ಬರಿಗೆ ತೋರಿಸಿದ್ರೆ ಅವರ ಬಾಯಿ ಮುಚ್ಚಿಸಬಹುದು. ಇಡೀ ಊರು ಒಂದೇ ಸಲ ನೋಡಿದ್ರೆ? ಅದನ್ನ ಯಾರು ಅಳಿಸ್ತಾರೆ? ವಿನುತಾ ಮಾಡಿದ್ದು ಎಷ್ಟು ದೊಡ್ಡ ಕೆಲಸ ಅಂತ ಅವಳಿಗೇ ಗೊತ್ತಿಲ್ಲ. ಪೇಟೆಯ ಗೆಳತಿಯರ ಹತ್ರ ಇದಕ್ಕೇ ಒತ್ತಿ ಅಂದೆ. ಎಂತಕ್ಕೆ ಅಂತ ಅವ್ರು ಕೇಳ್ಲೂ ಇಲ್ಲ.”

ಊರಿನ ಬುದ್ಧಿವಂತರೆಲ್ಲ ಒಳಗೆ ಕೂತು ಅಭಿಪ್ರಾಯ ಹೇಳುತ್ತಿದ್ದರು. ಸರದಿಯ ಬಗ್ಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಇನ್ನು ಯಾರಿಂದಲೂ ಬರಲಾರದು ಎಂದು ಪ್ರೇಕ್ಷಾಳಿಗೆ ಅನಿಸಿತು. ಹೆದರುತ್ತಲೇ ಈ ಹೆಂಗಸು ಮಾಡಿದ ಕೆಲಸದ ಮುಂದೆ ತನ್ನ ಪತ್ತೇದಾರಿಕೆಯೂ ಚಿಕ್ಕದೆನಿಸಿತು.

ಬೇಬಿ ಸೊಂಟದ ಚೀಲದಿಂದ ಫೋನು ತೆಗೆದು ಕೊಟ್ಟಳು. ಪ್ರೇಕ್ಷಾ ದನಿ ಏರಿಸಿ ನೋಡಿದಳು. ತಾರೀಖು ಗಾಳಿ ಬೀಸಿದ ದಿನದ್ದೇ, ಹೊತ್ತು ಸಂಜೆಯದ್ದು. ಹೆಂಗಸರ ಗದ್ದಲ, ಮಂಜುಗಡ್ಡೆ ಒಡೆಯುವ ಸದ್ದು. ಹೊನ್ನ ಬುಟ್ಟಿ ಇಟ್ಟ. ಎಲ್ಲಿಂದಲೋ ಒಂದು ಶಿಳ್ಳೆ ಕೇಳಿಸಿತು: ಎರಡು ಗಿಡ್ಡ, ಒಂದು ಉದ್ದ. ಹೊನ್ನ ತಿರುಗಿದ. ಹಳೆಯ ಗೆಳೆಯನನ್ನು ಕಂಡವನ ಹಾಗೆ ನಕ್ಕ. ಅತ್ತ ನಡೆದ.

ಆ ಹೊತ್ತಿಗೆ ಹಿಂದಿದ್ದ ಅದೇ ಬೋಟಿನ ಕ್ಯಾಬಿನ್ನಿನ ಕಿಟಕಿಯಲ್ಲಿ ದೇವಿದಾಸರ ಮುಖ ಸ್ಪಷ್ಟವಾಗಿತ್ತು. ಅವರು ಬೀಡಿ ಸೇದುತ್ತಿದ್ದರು.

“ಶಿಳ್ಳೆ ಹಾಕಿದ್ದು ನಿಮ್ಮಣ್ಣ ಅಲ್ಲ,” ಎಂದಳು ಪ್ರೇಕ್ಷಾ.

“ಅಲ್ಲ. ಅದಕ್ಕೇ ಕೊಡ್ತೆ,” ಎಂದಳು ಬೇಬಿ. “ದಾದಾ ಸುಳ್ಳು ಹೇಳಿದ್ದು ಹೌದು. ಯಾರಿಗಾಗಿ ಹೇಳ್ದ ಅಂತ ನೀವು ಹುಡುಕಿ.”

*

ಪ್ರೇಕ್ಷಾ ಠಾಣೆಗೆ ಫೋನು ಮಾಡಿ, ಬೇಬಿಯ ಫೋನನ್ನು ವಶಕ್ಕೆ ತೆಗೆದುಕೊಳ್ಳಲು ಯಾರಾದರೂ ಬರಬೇಕೆಂದು ಕೇಳಿಕೊಂಡಳು. ಅವರು ಬರುವವರೆಗೂ ಬೇಬಿ ಕಾಯಲಿಲ್ಲ. ಸಭೆ ಮತ್ತೆ ಸೇರುತ್ತಿದ್ದ ಹಾಗೆ ನೇರ ಮುಂದೆ ನಡೆದು, ಬೀರಿಯ ಎದುರು ನಿಂತು, “ವಿಡಿಯೋ ತೆಗೆದದ್ದು ನಾನು. ಗಾಳಿ ದಿನವೇ ತೆಗೆದದ್ದು. ನಿನ್ನ ಗಂಡ ಬಂದರಿಗೆ ಬಂದಿದ್ದ,” ಎಂದಳು.

“ಬೇಬೀ!” ದೇವಿದಾಸರು ಎದ್ದರು. ಕುರ್ಚಿ ಹಿಂದಕ್ಕೆ ಬಿತ್ತು.

“ಹೊಡಿ ಬೇಕಾದ್ರೆ ದಾದಾ. ಇನ್ನು ಅಳಿಸೂಕೆ ಆಗೂದಿಲ್ಲ.”

ದೇವಿದಾಸರ ಕೈ ಮೇಲೇಳಲಿಲ್ಲ. ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ ಎಂಬುದನ್ನು ಪ್ರೇಕ್ಷಾ ಗಮನಿಸಿದಳು.

“ಯಾರು ಶಿಳ್ಳೆ ಹಾಕಿದ್ದು, ದೇವಿದಾಸರೇ?”

“ನಂಗೆ ಗೊತ್ತಿಲ್ಲ.”

“ಹೊನ್ನ ಬದುಕಿದ್ದಾನಾ?”

“ವಕೀಲರು ಬರ್ಲಿ,” ಎಂದು ಅವರು ಬಿದ್ದ ಕುರ್ಚಿಯನ್ನು ತಾವೇ ಎತ್ತಿ ಕೂತರು.

ವಿನುತಾ ಬೀರಿಯ ಪಕ್ಕದಲ್ಲಿ ಮಂಡಿಯೂರಿ ಕೂತಳು. “ಬೀರಿಯಕ್ಕ, ಶಿಳ್ಳೆಯನ್ನ ಊರಿಗೆ ಕೇಳಿಸಿದ್ರೆ ಗುರುತು ಹಿಡಿಯೋರು ಸಿಗಬಹುದು. ಆದ್ರೆ ಇದು ನಿಮ್ಮ ಮನೆ ವಿಷಯ. ನೀವು ಬೇಡ ಅಂದ್ರೆ ಹಾಕೂದಿಲ್ಲ.”

ಬೀರಿ ಬೇಬಿಯ ಒದ್ದೆ ಸೆರಗನ್ನು ನೋಡಿದಳು. “ಹಾಕು ತಂಗಿ,” ಎಂದಳು. “ನಂಗೆ ಅವ್ರು ಇದ್ದಾರೋ ಇಲ್ವೋ ಅಷ್ಟು ಗೊತ್ತಾದ್ರೆ ಸಾಕು.”

ಪ್ರೇಕ್ಷಾ ಒಂದು ಗಳಿಗೆ ಯೋಚಿಸಿದಳು. ಮೂಲ ಪೊಲೀಸರ ಕೈ ಸೇರುತ್ತದೆ. ಶಿಳ್ಳೆ ಹಾಕಿದವನು ಕೇಳಿಸಿಕೊಂಡರೆ ಹೆದರಿ ಒಂದು ಹೆಜ್ಜೆ ತಪ್ಪು ಇಡಬಹುದು. ಅವಳು ತಲೆಯಾಡಿಸಿದಳು.

ಸರದಿಯ ನಿಯಮವನ್ನು ವಿನುತಾ ಆಗಲೂ ಮುರಿಯಲಿಲ್ಲ. ನೋಡುವವರನ್ನು ಕೇಳದೆ ಯಾವುದನ್ನೂ ಹಾಕುವುದಿಲ್ಲ ಎಂಬುದೇ ಆ ನಿಯಮ. ಬಂದರು ಚಾನೆಲ್‌ನಲ್ಲಿ ಓಡುತ್ತಿದ್ದ ದೋಣಿ ಪಂದ್ಯದ ಕೆಳಗೆ ಎರಡೇ ಆಯ್ಕೆ ಮೂಡಿದವು. ‘ಹೊನ್ನನ ದೃಶ್ಯ, ದನಿ ಸಮೇತ: ಬೇಕು. ಬೇಡ.’

ಓಟು ಬೀಳತೊಡಗಿದವು. ಆಶಿಷನ ಲ್ಯಾಪ್‌ಟಾಪಿನಲ್ಲಿ ಮಾತ್ರ ನಂಬರು ಮತ್ತು ಓಟು ಬಂದ ಊರು ಕಾಣುತ್ತಿತ್ತು. ಪ್ರೇಕ್ಷಾ ಅವನ ಹೆಗಲ ಹಿಂದೆ ನಿಂತಳು. ಸದಾಶಿವಗಡ, ಬೇಕು. ಮಾಜಾಳಿ, ಬೇಕು. ಅವರ್ಸಾ, ಬೇಕು. ಶೆಟಗೇರಿಯಿಂದ ಸಾಲಾಗಿ ಬೇಕು, ಬೇಕು, ಬೇಕು. ಸಭಾಗೃಹದಲ್ಲಿ ಕಾಶಿ ಪಕ್ಕದವಳಿಗೆ ಎಲ್ಲಿ ಒತ್ತಬೇಕೆಂದು ತೋರಿಸುತ್ತಿದ್ದಳು. ರೋಹಿತ ಒತ್ತಿ ಕಣ್ಣೊರೆಸಿಕೊಂಡ. ಇಷ್ಟು ಜನ ಒಂದೇ ಹೊತ್ತಿನಲ್ಲಿ ಒಬ್ಬ ಬಡ ಖಲಾಶಿಗಾಗಿ ಬೆರಳೆತ್ತುವುದನ್ನು ಪ್ರೇಕ್ಷಾ ತನ್ನ ಇಡೀ ಕೆಲಸದಲ್ಲಿ ಕಂಡಿರಲಿಲ್ಲ.

“ಒಂದೂ ಬೇಡ ಇಲ್ಲ,” ಎಂದ ಆಶಿಷ.

ಆ ಮಾತು ಮುಗಿಯುವಷ್ಟರಲ್ಲಿ ಒಂದು ಬಂತು.

ಬೇಡ.

“ಎಲ್ಲಿಂದ?”

“ಸುಂಕಸಾಳ. ಹೊಸ ನಂಬರು. ಈಗಷ್ಟೇ ಓಟಿಪಿ ಹಾಕಿ ಒಳಗೆ ಬಂದಿದ್ದಾರೆ.”

“ಓದು.”

ಆಶಿಷ ತಗ್ಗಿದ ದನಿಯಲ್ಲಿ ಒಂದೊಂದೇ ಅಂಕಿ ಓದತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ಅವನ ದನಿಯ ಮೇಲೆ ಇನ್ನೊಂದು ದನಿ ಬಂದು ಸೇರಿತು. ಅವನು ನಿಲ್ಲಿಸಿದ. ಆ ದನಿ ನಿಲ್ಲಲಿಲ್ಲ. ಉಳಿದ ಅಂಕಿಗಳನ್ನೆಲ್ಲ ಒಂದೂ ತಪ್ಪದೆ ಹೇಳಿ ಮುಗಿಸಿತು.

ಬೀರಿ ಎದ್ದು ನಿಂತಿದ್ದಳು.

“ದಿನಾ ಫೋನ್ ಹಚ್ಚಿ ನೋಡ್ತೆ,” ಎಂದಳು. “ದಿನಾ ಬಂದ್ ಅಂತ ಬರ್ತದೆ. ಅದು ನಮ್ಮನೆಯವ್ರ ನಂಬರು.”

ಪ್ರೇಕ್ಷಾ ಕೈ ಚಾಚಿದಳು. ಬೀರಿ ತನ್ನ ಫೋನನ್ನು ಅವಳಿಗೆ ಕೊಡಲಿಲ್ಲ. ತಾನೇ ಒತ್ತಿ ಕಿವಿಗೆ ಹಿಡಿದಳು.

ಈ ಸಲ ರಿಂಗಾಯಿತು.